ಪ್ರಶಸ್ತಿಯ ಲೆಕ್ಕ, ಪಾರ್ವತಿಯ ಮನೆ

ಮೆಚ್ಚುಗೆ ಪಡೆದ ಚಲನಚಿತ್ರವೊಂದು ಬಂದಿತೆಂದರೆ ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ: ಇದಕ್ಕೆ ಆಸ್ಕರ್ ದೊರೆತೀತೆ? ಈ ಪ್ರಶ್ನೆಯಲ್ಲಿ ದೋಷವೇನೂ ಇಲ್ಲ. ತನ್ನ ಮನಸ್ಸು ಒಪ್ಪಿದ್ದನ್ನು ಲೋಕವೂ ಒಪ್ಪಲಿ ಎಂಬುದು ಸಹೃದಯನ ಸಹಜವಾದ ಆಸೆ. ಆದರೆ ಆ ಲೆಕ್ಕದಲ್ಲಿ ನಾವು ಅಳೆಯುತ್ತಿರುವುದು ಚಿತ್ರದ ಯೋಗ್ಯತೆಯನ್ನೋ, ಅದು ಹಾದು ಹೋಗಬೇಕಾದ ಬಾಗಿಲಿನ ಅಗಲವನ್ನೋ ಎಂದು ಒಮ್ಮೆ ಕೇಳಿಕೊಳ್ಳುವುದು ಒಳಿತು.

ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಚಿತ್ರಕ್ಕೆ 2024ರ ಮೇ ತಿಂಗಳಲ್ಲಿ ಕಾನ್ ಉತ್ಸವದ ಗ್ರಾಂ ಪ್ರಿ ದೊರೆಯಿತು. ಅಲ್ಲಿಯ ಎರಡನೆಯ ಹಿರಿಯ ಪ್ರಶಸ್ತಿ ಅದು. ಶಾಜಿ ಕರುಣ್ ಅವರ ‘ಸ್ವಾಹಂ’ 1994ರಲ್ಲಿ ಆ ಮುಖ್ಯ ಸ್ಪರ್ಧೆಯಲ್ಲಿದ್ದ ಮೇಲೆ ಮೂವತ್ತು ವರ್ಷ ಭಾರತದ ಚಿತ್ರ ಯಾವುದೂ ಅಲ್ಲಿಗೆ ಸೇರಿರಲಿಲ್ಲ. ನವೆಂಬರಿನಲ್ಲಿ ಅದು ದೇಶದ ಚಿತ್ರಮಂದಿರಗಳಿಗೆ ಬಂದಾಗ ನಾನು ನೋಡಿದೆ.

ಕಥೆಯ ಹರಹು ದೊಡ್ಡದಲ್ಲ. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಪ್ರಭಾ, ಅನು ಎಂಬಿಬ್ಬರು ಮಲೆಯಾಳಿ ದಾದಿಯರು. ಅಲ್ಲಿಯೇ ಅಡುಗೆ ಮಾಡುವ ಪಾರ್ವತಿ. ಪ್ರಭಾಳ ಗಂಡ ಮದುವೆಯಾದ ಕೆಲವೇ ದಿನಗಳಲ್ಲಿ ಜರ್ಮನಿಗೆ ಹೋದವನು. ಬಹುಕಾಲದಿಂದ ಅವನ ಮಾತಿಲ್ಲ. ಒಂದು ದಿನ, ಪತ್ರವೊಂದೂ ಇಲ್ಲದೆ, ಜರ್ಮನಿಯಲ್ಲಿ ಮಾಡಿದ ರೈಸ್ ಕುಕ್ಕರ್ ಬರುತ್ತದೆ. ರಾತ್ರಿ ಒಂಟಿಯಾಗಿ ಆಕೆ ಅದನ್ನು ಅಪ್ಪಿಕೊಳ್ಳುವಾಗ, ಕನಿ ಕುಸೃತಿಯವರ ಈ ಅಭಿನಯಕ್ಕೆ ಯಾವ ಪ್ರಶಸ್ತಿ ಬಂದೀತೆಂದು ನನ್ನೊಳಗಿನ ಲೆಕ್ಕಿಗನು ಬೆರಳು ಮಡಿಸತೊಡಗಿದ್ದನು. ಅವನನ್ನು ಸುಮ್ಮನಾಗಿಸಿದವಳು ಪಾರ್ವತಿ. ಗಿರಣಿಯಲ್ಲಿ ದುಡಿದ ಗಂಡ ತೀರಿಕೊಂಡ ಮೇಲೂ ಆಕೆ ಅದೇ ಚಾಳಿನಲ್ಲಿ ಬಾಳಿದವಳು. ಎತ್ತರದ ಕಟ್ಟಡ ಎಬ್ಬಿಸುವವರು ಬಂದು ಬಿಡಿಸುವಾಗ, ಮನೆ ತನ್ನದೆಂದು ತೋರಿಸಲು ಆಕೆಯಲ್ಲಿ ಒಂದು ಕಾಗದವಿಲ್ಲ. ಕಾಗದವಿಲ್ಲದ ಮೇಲೆ ಅಲ್ಲಿ ಬಾಳಿದ್ದೂ ಇಲ್ಲ!

ಚಿತ್ರದ ಗತಿಯೂ ಬಹುಮಟ್ಟಿಗೆ ಹೀಗೆಯೇ ಆಯಿತು. ಆಸ್ಕರಿನ ಅಂತಾರಾಷ್ಟ್ರೀಯ ವಿಭಾಗಕ್ಕೆ ಒಂದು ದೇಶ ಒಂದೇ ಚಿತ್ರವನ್ನು ಕಳುಹಿಸಬೇಕು. ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ಆ ವರ್ಷ ಆರಿಸಿದ್ದು ಕಿರಣ್ ರಾವ್ ಅವರ ‘ಲಾಪತಾ ಲೇಡೀಸ್’ ಚಿತ್ರವನ್ನು. ಕಪಾಡಿಯಾ ಅವರದನ್ನು ನೋಡುವಾಗ ಭಾರತದಲ್ಲಿ ನಡೆಯುವ ಐರೋಪ್ಯ ಚಿತ್ರವನ್ನು ನೋಡಿದಂತಾಯಿತೆಂದು ಆಯ್ಕೆಗಾರರಿಗೆ ತೋರಿತೆಂಬ ಮಾತು ಫೆಡರೇಷನ್ನಿನ ಅಧ್ಯಕ್ಷರಿಂದಲೇ ಬಂದಿತು. ಹಣದಲ್ಲಿ ಫ್ರಾನ್ಸ್ ಮೊದಲಾದ ದೇಶಗಳ ಪಾಲಿತ್ತೆಂಬುದು ನಿಜ. ಆದರೆ ಮಲೆಯಾಳ, ಹಿಂದಿ, ಮರಾಠಿಗಳನ್ನು ಆಡುತ್ತ, ರೈಲಿನಲ್ಲಿ ನಿಂತು ಮನೆ ಸೇರುವ ಈ ಹೆಂಗಸರು ಯಾವ ಯೂರೋಪಿನವರು?

ನಿರ್ದೇಶನವೇ ಮೊದಲಾದ ವಿಭಾಗಗಳಿಗೆ ದೇಶದ ಶಿಫಾರಸು ಬೇಕಿರಲಿಲ್ಲ. ಆ ಬಾಗಿಲು ತೆರೆದಿತ್ತು. ಅಲ್ಲಿ ಎಷ್ಟು ಆಸೆಯಿಡಬಹುದೆಂದು ಗೆಳೆಯರು ಕೇಳಿದಾಗ, ಅಲ್ಪವೆಂದೇ ನಾನು ಹೇಳಿದೆ. ಸಾವಿರಾರು ಮತದಾರರ ಕಿವಿಗೆ ಹೆಸರು ಬೀಳಲು ಪ್ರಚಾರದ ಹಣ ಬೇಕು; ಮೆಲ್ಲಗೆ ಮಾತನಾಡುವ ಚಿತ್ರಕ್ಕೆ ಅದು ಕಷ್ಟ. ಹಾಗೆಯೇ ಆಯಿತು. ಗೋಲ್ಡನ್ ಗ್ಲೋಬಿನಲ್ಲಿ ಎರಡು ನಾಮನಿರ್ದೇಶನ ಬಂದವು, ಪ್ರಶಸ್ತಿ ಬರಲಿಲ್ಲ. ಆಸ್ಕರಿನ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ‘ಲಾಪತಾ ಲೇಡೀಸ್’ ಕೂಡ ಡಿಸೆಂಬರಿನ ಹದಿನೈದು ಚಿತ್ರಗಳ ಪಟ್ಟಿಯನ್ನು ಸೇರಲಿಲ್ಲ. ಅಷ್ಟರವರೆಗೆ ಆ ವಿಭಾಗದ ಕೊನೆಯ ಸುತ್ತಿಗೆ ಹೋಗಿದ್ದ ನಮ್ಮ ಚಿತ್ರಗಳು ಮೂರೇ: ‘ಮದರ್ ಇಂಡಿಯಾ’, ‘ಸಲಾಂ ಬಾಂಬೆ’, ‘ಲಗಾನ್’.

‘ಲಾಪತಾ ಲೇಡೀಸ್’ ಒಳ್ಳೆಯ ಚಿತ್ರವಲ್ಲವೆಂದು ನಾನು ಹೇಳುತ್ತಿಲ್ಲ. ಒಂದೇ ಸ್ಥಾನವೆಂದಾಗ ಎರಡು ಒಳ್ಳೆಯ ಚಿತ್ರಗಳು ಸವತಿಯರಾಗುತ್ತವೆ. ಇಷ್ಟು ಭಾಷೆಗಳ ದೇಶದಲ್ಲಿ ಆ ಇಕ್ಕಟ್ಟು ಪ್ರತಿವರ್ಷದ್ದು. ಆದುದರಿಂದಲೇ ಆರಿಸುವವರ ಹೊಣೆ ದೊಡ್ಡದು. ಕಲೆಯಲ್ಲಿ ಕೊರತೆ ಕಂಡರೆ ಅದನ್ನು ಬಿಡಿಸಿ ಹೇಳಲಿ, ಚರ್ಚೆಗೆ ಇಡಲಿ. ‘ಇದು ನಮ್ಮದರಂತೆ ಕಾಣದು’ ಎನ್ನುವುದು ವಿಮರ್ಶೆಯಾಗದು. ಅದು ಚಾಳಿನ ಬಾಗಿಲಲ್ಲಿ ನಿಂತು ಕಾಗದ ಕೇಳಿದಂತೆ.

ಪ್ರೇಕ್ಷಕರಾದ ನಮಗೂ ಒಂದು ಹೊಣೆಯುಂಟು. ಇಂಥ ಚಿತ್ರಗಳು ಮಂದಿರದಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ದೂರದ ಮತದಾರರ ಮನಸ್ಸನ್ನು ಊಹಿಸುವಷ್ಟೇ ಶ್ರದ್ಧೆಯಿಂದ, ಅವು ಬಂದ ವಾರವೇ ಹೋಗಿ ಕುಳಿತು ನೋಡೋಣ. ಪಾರ್ವತಿ ಕೊನೆಗೆ ಮುಂಬಯಿಯನ್ನು ಬಿಟ್ಟು ರತ್ನಾಗಿರಿಯ ಕಡಲತೀರದ ತನ್ನ ಹಳ್ಳಿಗೆ ಹೊರಡುತ್ತಾಳೆ. ಸಾಮಾನು ಹೊತ್ತು ಜೊತೆಗೆ ಹೋಗುವವರು ಆ ಇಬ್ಬರು ದಾದಿಯರು. ಆಕೆಯ ಬಾಳಿಗೆ ಅವರಿಗಿಂತ ದೊಡ್ಡ ಸಾಕ್ಷಿ ಇರಲಿಲ್ಲ.