ತಪ್ಪು ಯಾರದ್ದು ಅಂತ ಯಾಕೆ ಕೇಳಬೇಕು?

ದಕ್ಷಿಣ ಆಫ್ರಿಕಾದಲ್ಲಿ ಯಾರಾದ್ರೂ ನಿಮ್ಮ ಕಾರಿಗೆ ಗುದ್ದಿ ಬಂಪರ್ ಕಿತ್ತು ಹಾಕಿದ್ರೆ ಆ ಡ್ರೈವರ್ ಮೇಲೆ ಕೋರ್ಟಿಗೆ ಹೋಗಬಹುದು. ಅದೇ ಗುದ್ದಿಗೆ ನಿಮ್ಮ ಕಾಲು ಮುರಿದ್ರೆ, ಕಾಲಿನ ಸಲುವಾಗಿ ಅವನ ಮೇಲೆ ಕೇಸ್ ಹಾಕೋ ಹಾಗಿಲ್ಲ. ತಮಾಷೆ ಅಲ್ಲ, ಇಲ್ಲಿನ ಕಾನೂನೇ ಹಾಗಿದೆ. ಬಂಪರಿಗೆ ಗುದ್ದಿದವನು ಹೊಣೆ, ಕಾಲಿಗೆ ಸರ್ಕಾರದ ಒಂದು ನಿಧಿ ಹೊಣೆ.

ಆ ನಿಧಿಯ ಹೆಸರು ರೋಡ್ ಆಕ್ಸಿಡೆಂಟ್ ಫಂಡ್. ಎಲ್ಲರೂ ಕರೆಯೋದು ಆರ್.ಎ.ಎಫ್. ಅಂತ. ಕೆಲಸದ ಮೇಲೆ ಜೋಹಾನ್ಸ್‌ಬರ್ಗಿಗೆ ಬಂದ ಮೇಲೆ ನಾನೂ ಇದಕ್ಕೆ ದುಡ್ಡು ಕಟ್ಟೋನಾದೆ. ನಮ್ಮಲ್ಲಿ ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಅಲ್ವಾ, ಅಪಘಾತ ಆದ್ರೆ ಆ ಇನ್ಶೂರೆನ್ಸ್ ಕಂಪನಿ ಮೇಲೆ ಎಂ.ಎ.ಸಿ.ಟಿ. ಕೋರ್ಟಿನಲ್ಲಿ ಕೇಸು. ಇಲ್ಲಿ ಗಾಡಿಗೆ ಅಂಥ ವಿಮೆ ಮಾಡಿಸಲೇಬೇಕು ಅಂತಿಲ್ಲ. ಅದರ ಬದಲು ಪೆಟ್ರೋಲು ಡೀಸೆಲ್ ಬೆಲೆಯಲ್ಲೇ ಲೀಟರಿಗಿಷ್ಟು ಅಂತ ಲೆವಿ ಹಿಡಿದುಕೊಳ್ತಾರೆ. 2021ರ ಏಪ್ರಿಲ್‌ನಲ್ಲಿ ಇದು ಲೀಟರಿಗೆ 2 ರ‍್ಯಾಂಡ್ 18 ಸೆಂಟ್ ಆಯ್ತು, ಆಮೇಲೆ ನಾಲ್ಕೈದು ವರ್ಷ ಅಲ್ಲೇ ನಿಂತಿತ್ತು. 45 ಲೀಟರ್ ಟ್ಯಾಂಕ್ ತುಂಬಿಸಿದ್ರೆ ಹೆಚ್ಚುಕಮ್ಮಿ 98 ರ‍್ಯಾಂಡ್ ಈ ನಿಧಿಗೆ. ಸ್ವಂತ ಗಾಡಿ ಇಲ್ಲದೆ ಮಿನಿಬಸ್ ಟ್ಯಾಕ್ಸಿಯಲ್ಲಿ ಓಡಾಡೋರೂ ಟಿಕೆಟ್ ಮೂಲಕ ಇದನ್ನ ಕಟ್ತಾನೇ ಇದ್ದಾರೆ.

ಇದರ ಹಿಂದಿನ ಯೋಚನೆ ನನಗೆ ತುಂಬಾ ಹಿಡಿಸುತ್ತೆ. ಗುದ್ದಿದವನ ಹತ್ತಿರ ದುಡ್ಡು ಇರಲಿ ಬಿಡಲಿ, ಗುದ್ದಿ ಓಡಿಯೇ ಹೋಗಲಿ, ಗಾಯ ಆದವನಿಗೆ ಪರಿಹಾರ ಸಿಗಬೇಕು. ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಜನ ರಸ್ತೆಯಲ್ಲಿ ಸಾಯೋ ದೇಶ ಇದು. ಸತ್ತವರಲ್ಲಿ ಬಹಳಷ್ಟು ಜನ ನಡೆದುಕೊಂಡು ಹೋಗ್ತಿದ್ದೋರು. ಅಂಥಲ್ಲಿ ಎಲ್ಲರೂ ಸೇರಿ ಒಂದು ಹುಂಡಿಗೆ ಹಾಕೋದು ಒಳ್ಳೆಯದೇ.

ನನ್ನ ತಕರಾರು ಇರೋದು ಹುಂಡಿಯಿಂದ ದುಡ್ಡು ತೆಗೆಯೋ ರೀತಿಯ ಬಗ್ಗೆ. ಇಲ್ಲಿ ಪರಿಹಾರ ಬೇಕು ಅಂದ್ರೆ ಬೇರೆ ಒಬ್ಬ ಡ್ರೈವರ್ ತಪ್ಪು ಮಾಡಿದ್ದಾನೆ ಅಂತ ಸಾಬೀತು ಮಾಡಬೇಕು. ತಪ್ಪು ಮಾಡಿದವನು ದುಡ್ಡು ಕೊಡೋದಾದ್ರೆ ಈ ಪ್ರಶ್ನೆ ಸರಿ. ಆದ್ರೆ ದುಡ್ಡು ಕೊಡ್ತಿರೋದು ಅವನಲ್ಲ, ಪೆಟ್ರೋಲ್ ಹಾಕಿಸೋ ನಾವೆಲ್ಲ. ಹಾಗಿದ್ದ ಮೇಲೆ "ತಪ್ಪು ಯಾರದ್ದು?" ಅಂತ ವರ್ಷಗಟ್ಟಲೆ ಕೋರ್ಟಿನಲ್ಲಿ ಗುದ್ದಾಡೋದು ಯಾಕೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಕಾರು, ಒಂದು ಟ್ಯಾಕ್ಸಿ ಡಿಕ್ಕಿ ಹೊಡೆದವು. ಕಾರಿನವನು, ಟ್ಯಾಕ್ಸಿ ಡ್ರೈವರ್, ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತಿದ್ದ ಹೆಂಗಸು, ಮೂವರಿಗೂ ಒಂದೇ ಥರ ಕಾಲು ಮುರಿಯಿತು. ಟ್ಯಾಕ್ಸಿಯವನದ್ದು 60 ಪಾಲು ತಪ್ಪು, ಕಾರಿನವನದ್ದು 40 ಪಾಲು ಅಂತ ಕೋರ್ಟು ಹೇಳಿತು ಅನ್ನಿ. ಹಿಂದೆ ಕೂತಿದ್ದ ಹೆಂಗಸಿಗೆ ಆದ ನಷ್ಟ ಪೂರ್ತಿ ಸಿಗುತ್ತೆ. ಪ್ರಯಾಣಿಕರು ಯಾವುದಾದ್ರೂ ಒಬ್ಬ ಡ್ರೈವರ್‌ದು ಒಂದೇ ಒಂದು ಪರ್ಸೆಂಟ್ ತಪ್ಪು ತೋರಿಸಿದ್ರೂ ಸಾಕು. ಕಾರಿನವನಿಗೆ ಅವನ ನಷ್ಟದಲ್ಲಿ ನೂರಕ್ಕೆ 60, ಟ್ಯಾಕ್ಸಿಯವನಿಗೆ ನೂರಕ್ಕೆ 40. ಹೀಗೆ ಪಾಲು ಹಾಕೋ ಕಾನೂನು 1956ರದ್ದು. ಇನ್ನು ಅದೇ ಕಾರಿನವನು ಟೈರ್ ಸಿಡಿದು ಒಬ್ಬನೇ ಹೋಗಿ ಮರಕ್ಕೆ ಗುದ್ದಿದ್ರೆ? ಸೊನ್ನೆ. ಅವನೂ ಇಷ್ಟು ವರ್ಷ ಲೆವಿ ಕಟ್ಟಿದ್ದ ಅನ್ನೋದು ಲೆಕ್ಕಕ್ಕಿಲ್ಲ.

ಆಸ್ಪತ್ರೆ ಬಿಲ್ಲು, ತಪ್ಪಿದ ಸಂಬಳ ಮೂವರದ್ದೂ ಒಂದೇ ಇರಬಹುದು. ಹಾಗಾದ್ರೆ ತಪ್ಪು ಮಾಡಿದ ಟ್ಯಾಕ್ಸಿಯವನು ಆ ಹೆಂಗಸಿನ ಕಾಲಿಗೆ ಎಷ್ಟು ಕೊಟ್ಟ? ಏನೂ ಇಲ್ಲ. ಅವನು ಕುಡಿದು ಓಡಿಸಿದ್ರೆ, ಲೈಸೆನ್ಸ್ ಇಲ್ಲದಿದ್ರೆ, ಅಂಥ ಕೆಲವು ಸಂದರ್ಭದಲ್ಲಿ ಮಾತ್ರ ನಿಧಿ ಅವನಿಂದ ವಸೂಲಿ ಮಾಡಬಹುದು.

ಇದಕ್ಕೊಂದು ಇತಿಹಾಸ ಇದೆ. ಈಗಿನ ಕಾಯ್ದೆ 1996ರದ್ದು. ಜಸ್ಟಿಸ್ ಕ್ಯಾಥ್ಲೀನ್ ಸ್ಯಾಚ್‌ವೆಲ್ ಅವರ ಆಯೋಗ 2002ರಲ್ಲೇ ಈ ತಪ್ಪು-ಒಪ್ಪಿನ ಜಗ್ಗಾಟ ಬಿಟ್ಟು, ಗಾಯ ಆದವರಿಗೆಲ್ಲ ಸಹಾಯ ಮಾಡೋ ವ್ಯವಸ್ಥೆಗೆ ಹೋಗಿ ಅಂತ ಶಿಫಾರಸು ಮಾಡಿತು. ಸರ್ಕಾರ ಮಾಡಿದ್ದು ಬೇರೆ. 2008ರ ಆಗಸ್ಟ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ನಿಧಿ ಕೊಡದೆ ಉಳಿಸಿದ್ದನ್ನ ಗುದ್ದಿದವನಿಂದ ಕೇಳೋ ಹಕ್ಕು ಹೋಯ್ತು. ಸಂಪಾದನೆ ನಷ್ಟಕ್ಕೆ ವರ್ಷಕ್ಕೆ 1,60,000 ರ‍್ಯಾಂಡ್ ಮಿತಿ ಬಂತು (ಹಣದುಬ್ಬರಕ್ಕೆ ತಕ್ಕಂತೆ ಮೂರು ತಿಂಗಳಿಗೊಮ್ಮೆ ಏರಿಸ್ತಾರೆ). ನೋವು, ಸಂಕಟಕ್ಕೆ ಕೊಡೋ ಪರಿಹಾರ "ಗಂಭೀರ ಗಾಯ" ಆದವರಿಗೆ ಮಾತ್ರ ಅಂತಾಯ್ತು. ದೇಹದ ಶಕ್ತಿ ಒಟ್ಟಾರೆ ನೂರಕ್ಕೆ 30ರಷ್ಟು ಕುಂದಿದೆ ಅಂತ ಡಾಕ್ಟರು ಫಾರಂನಲ್ಲಿ ಬರೆದುಕೊಡಬೇಕು, ಇಲ್ಲಾ ಶಾಶ್ವತವಾದ ವಿಕಾರ, ತೀವ್ರ ಮಾನಸಿಕ ತೊಂದರೆ ಇಂಥ ಕೆಲವು ಕಾರಣ ತೋರಿಸಬೇಕು. ಸಾಧಾರಣವಾಗಿ ಮುರಿದು ಕೂಡಿಕೊಂಡ ಕಾಲು ಇದರೊಳಗೆ ಬರೋದು ಕಷ್ಟ.

ಅಂದ್ರೆ ಗಾಯಾಳುವಿನ ಕೈಯಿಂದ ಕಿತ್ತುಕೊಳ್ಳೋದನ್ನ ಮೊದಲು ಕಿತ್ತುಕೊಂಡರು, ಕೊಡಬೇಕಾದ್ದನ್ನ ಮುಂದಕ್ಕೆ ಹಾಕಿದರು. ವಕೀಲರ ಸಂಘ ಇದನ್ನ ಸಂವಿಧಾನ ನ್ಯಾಯಾಲಯಕ್ಕೆ ಒಯ್ಯಿತು. 2010ರ ನವೆಂಬರ್‌ನಲ್ಲಿ ಕೋರ್ಟು ಬಹುಪಾಲು ತಿದ್ದುಪಡಿಯನ್ನ ಎತ್ತಿಹಿಡಿಯಿತು. ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆ ದರದಷ್ಟೇ ಕೊಡ್ತೀವಿ ಅನ್ನೋ ನಿಯಮ ಮಾತ್ರ ಬಿದ್ದುಹೋಯ್ತು, ಯಾಕಂದ್ರೆ ಆ ದರಕ್ಕೆ ಬೆನ್ನುಹುರಿ ಪೆಟ್ಟಾದವರಿಗೆ ಬೇಕಾದ ಚಿಕಿತ್ಸೆ ಸಿಗೋದಿಲ್ಲ. ಉಳಿದದ್ದನ್ನ ಒಪ್ಪೋಕೆ ಕೋರ್ಟಿಗೆ ಸಿಕ್ಕ ಕಾರಣಗಳಲ್ಲಿ ಒಂದು, ಇದು ಮುಂದಿನ ದೊಡ್ಡ ಸುಧಾರಣೆಗೆ ಹೋಗೋ ದಾರಿಯಲ್ಲಿ ಒಂದು ತಾತ್ಕಾಲಿಕ ಹೆಜ್ಜೆ ಅನ್ನೋದು. ಆ ತಾತ್ಕಾಲಿಕ ಹೆಜ್ಜೆಗೆ ಈಗ ಹದಿನೈದು ವರ್ಷ ದಾಟಿದೆ!

ದೊಡ್ಡ ಸುಧಾರಣೆಯ ಮಸೂದೆ ಬಂದೂ ಬಂತು, ಪಾರ್ಲಿಮೆಂಟಿನಲ್ಲಿ 2020ರಲ್ಲಿ ಬಿದ್ದೂ ಹೋಯ್ತು. ವಕೀಲರು ಅದರ ವಿರುದ್ಧ ಜೋರಾಗಿ ನಿಂತಿದ್ರು. ಅವರಿಗೆ ಇದರಲ್ಲಿ ಹೊಟ್ಟೆಪಾಡಿದೆ ನಿಜ. ಗೆದ್ದರೆ ಮಾತ್ರ ಫೀಸು ಅಂತ ಒಪ್ಪಂದ ಮಾಡಿಕೊಂಡ ವಕೀಲರು ಬಂದ ಪರಿಹಾರದಲ್ಲಿ ನೂರಕ್ಕೆ 25ರವರೆಗೆ ತಗೋಬಹುದು. ಆದ್ರೆ ಅವರು ಹೇಳಿದ್ದೆಲ್ಲ ಸುಳ್ಳು ಅಂತ ನಾನು ಹೇಳೋಲ್ಲ. ಆ ಮಸೂದೆಯಲ್ಲಿ ನೋವಿಗೆ ಪರಿಹಾರವೇ ಇರಲಿಲ್ಲ, ಇಡಿಗಂಟಿನ ಬದಲು ತಿಂಗಳು ತಿಂಗಳು ಇಷ್ಟಿಷ್ಟು ಅಂತಿತ್ತು. ಈ ನಿಧಿಯ ಆಡಳಿತ ನೋಡಿದವರು "ತಿಂಗಳು ತಿಂಗಳು ಕೊಡ್ತೀವಿ" ಅನ್ನೋದನ್ನ ನಂಬದೇ ಇದ್ರೆ ಅದು ಅವರ ತಪ್ಪಲ್ಲ. 2025ರ ಜುಲೈನಲ್ಲಿ ಸಾರಿಗೆ ಸಚಿವೆ ಬಾರ್ಬರಾ ಕ್ರೀಸಿ ನಿಧಿಯ ಆಡಳಿತ ಮಂಡಳಿಯನ್ನೇ ವಿಸರ್ಜನೆ ಮಾಡಬೇಕಾಯ್ತು.

ಅಷ್ಟರಲ್ಲಿ ಕೋರ್ಟುಗಳ ಗತಿ ಏನಾಗಿದೆ ನೋಡಿ. ಜೋಹಾನ್ಸ್‌ಬರ್ಗ್, ಪ್ರಿಟೋರಿಯಾ ಇರೋ ಗೌಟೆಂಗ್ ಪ್ರಾಂತ್ಯದ ಹೈಕೋರ್ಟಿನಲ್ಲಿ 2025ರ ಹೊತ್ತಿಗೆ ಸಿವಿಲ್ ವಿಚಾರಣೆಗೆ ಕೊಡ್ತಿದ್ದ ದಿನಾಂಕ 2031! ಆ ಪಟ್ಟಿ ತುಂಬಿಸಿದ್ದರಲ್ಲಿ ದೊಡ್ಡ ಪಾಲು ಇವೇ ಅಪಘಾತದ ಕೇಸುಗಳು. ಕೊನೆಗೆ ಕೋರ್ಟು ಮೊದಲು ಸಂಧಾನಕ್ಕೆ ಕೂತು ಬನ್ನಿ ಅಂತ ಕಡ್ಡಾಯ ಮಾಡಿತು. ಕಾಲು ಮುರಿದ ಕೂಲಿಯವನು ಆರು ವರ್ಷ ಏನು ತಿನ್ನಬೇಕು?

"ಹಾಗಾದ್ರೆ ಕುಡಿದು ಓಡಿಸಿದವನಿಗೂ ಕೊಡಬೇಕಾ?" ಇದು ಎಲ್ಲರೂ ಕೇಳೋ ಪ್ರಶ್ನೆ. ಚಿಕಿತ್ಸೆ ಕೊಡಿ, ಜೈಲಿಗೂ ಹಾಕಿ ಅಂತೀನಿ ನಾನು. ಶಿಕ್ಷೆ ಕೊಡೋಕೆ ಕ್ರಿಮಿನಲ್ ಕಾನೂನಿದೆ. ಆಸ್ಪತ್ರೆ ಬಿಲ್ಲು ತಡೆಹಿಡಿದ್ರೆ ಶಿಕ್ಷೆ ಆಗೋದು ಅವನ ಹೆಂಡತಿ ಮಕ್ಕಳಿಗೆ. ನ್ಯೂಜಿಲೆಂಡ್ 1974ರಿಂದ ಹೀಗೇ ನಡೆಸ್ತಿದೆ. ಅಲ್ಲೂ ಪೆಟ್ರೋಲಿನ ಮೇಲೆ ಲೆವಿ ಇದೆ, ಅಪಘಾತದ ಗಾಯಕ್ಕೆ ಚಿಕಿತ್ಸೆ, ಸಂಬಳದ ನೂರಕ್ಕೆ 80 ಪಾಲು ಸಿಗುತ್ತೆ, ತಪ್ಪು ಯಾರದ್ದು ಅಂತ ಕೇಳೋದಿಲ್ಲ.

"ದುಡ್ಡು ಎಲ್ಲಿಂದ ಬರುತ್ತೆ?" ಇದು ಇನ್ನೂ ಗಟ್ಟಿ ಪ್ರಶ್ನೆ. ಎಲ್ಲರಿಗೂ ಕೊಡೋಕೆ ಹೊರಟ್ರೆ ಕೇಳೋರು ಹೆಚ್ಚಾಗ್ತಾರೆ, ನಿಧಿಗೆ ದಶಕಗಳಿಂದ ಆಸ್ತಿಗಿಂತ ಹೊಣೆಯೇ ಜಾಸ್ತಿ. ಅದಕ್ಕೇ ನಾನು ಪೂರ್ತಿ ಬದಲಾಯಿಸಿ ಅನ್ನೋಲ್ಲ. ಆಸ್ಪತ್ರೆ ಖರ್ಚು, ಒಂದು ಮಿತಿಯವರೆಗಿನ ಸಂಬಳ, ಇವೆರಡಕ್ಕೆ ತಪ್ಪಿನ ಪ್ರಶ್ನೆ ತೆಗೆದುಹಾಕಿ, ಬೇಗ ಕೊಡಿ. ನೋವಿನ ಪರಿಹಾರಕ್ಕೆ, ದೊಡ್ಡ ಮೊತ್ತಕ್ಕೆ ಬೇಕಾದ್ರೆ ತಪ್ಪು-ಒಪ್ಪಿನ ವಾದ ಇರಲಿ, ಅದನ್ನ ನಿಧಾನವಾಗಿ ನಡೆಸಿ. ಹೊಟ್ಟೆಗೂ ಔಷಧಿಗೂ ಬೇಕಾದ್ದು ಆ ವಾದ ಮುಗಿಯೋವರೆಗೆ ಕಾಯಬಾರದು. ವಕೀಲರಿಗೆ, ಎರಡೂ ಕಡೆಯ ತಜ್ಞ ಡಾಕ್ಟರುಗಳ ವರದಿಗೆ ಹೋಗೋದು ಸ್ವಲ್ಪ ಉಳಿದ್ರೂ ಅದು ಗಾಯ ಆದವರ ಪಾಲಿಗೆ ಬರಲಿ.

ಇದೆಲ್ಲ ಆಗೋವರೆಗೆ ಹಳೇ ಕಾನೂನೇ ಗತಿ. ಸಫಾರಿಗೋ ಕಂಪನಿ ಕೆಲಸಕ್ಕೋ ಇಲ್ಲಿಗೆ ಬರೋ ಕನ್ನಡಿಗರಿಗೆ ಒಂದು ಮಾತು. ಹೊರದೇಶದವರೂ ಈ ನಿಧಿಗೆ ಅರ್ಜಿ ಹಾಕಬಹುದು. ಕಾನೂನುಬದ್ಧವಾಗಿ ಬಂದಿದ್ದೀವಿ ಅಂತ ದಾಖಲೆ ಕೊಡದ ವಿದೇಶಿಯರ ಅರ್ಜಿ ತಗೋಬೇಡಿ ಅಂತ ನಿಧಿ 2022ರಲ್ಲಿ ಹೊರಡಿಸಿದ್ದ ಸೂಚನೆಯನ್ನ ಪ್ರಿಟೋರಿಯಾ ಹೈಕೋರ್ಟು 2024ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಗುದ್ದಿದ ಗಾಡಿ ಗೊತ್ತಿದ್ರೆ ಅರ್ಜಿ ಹಾಕೋಕೆ ಮೂರು ವರ್ಷ, ಗುದ್ದಿ ಓಡಿಹೋಗಿದ್ರೆ ಎರಡೇ ವರ್ಷ. ದೊಡ್ಡವರಿಗೆ ಈ ಗಡುವು ಬಹಳ ಕಟ್ಟುನಿಟ್ಟು, "ನಂಗೆ ಗೊತ್ತಿರಲಿಲ್ಲ" ಅಂದ್ರೆ ನಡೆಯೋದಿಲ್ಲ. ಪೊಲೀಸ್ ದೂರಿನ ನಂಬರು, ಆಸ್ಪತ್ರೆ ಕಾಗದ, ಗಾಡಿ ನಂಬರಿನ ಫೋಟೋ ಮೊದಲ ದಿನದಿಂದಲೇ ಜೋಪಾನ ಮಾಡಿ.

ನಿಮ್ಮಲ್ಲಿ ಕೆಲವರು ವಕೀಲರಿದ್ದೀರಿ, ಒಬ್ಬಿಬ್ಬರು ಇನ್ಶೂರೆನ್ಸ್‌ನಲ್ಲಿದ್ದೀರಿ ಅಂತ ಗೊತ್ತು. ತಪ್ಪಿನ ಪ್ರಶ್ನೆ ತೆಗೆದುಹಾಕಿದ್ರೆ ಜನ ಇನ್ನೂ ಅಡ್ಡಾದಿಡ್ಡಿ ಓಡಿಸ್ತಾರೆ ಅಂತ ನಿಮಗನ್ನಿಸುತ್ತಾ? ನನಗಂತೂ ಅನ್ನಿಸೋಲ್ಲ, ಕಾಲು ಮುರಿದ್ರೆ ದುಡ್ಡು ಬರುತ್ತೆ ಅಂತ ಯಾರೂ ಕಾಲು ಮುರಿದುಕೊಳ್ಳೋದಿಲ್ಲ. ಬೇರೆ ಅಭಿಪ್ರಾಯ ಇದ್ರೆ ಕೆಳಗೆ ಬರೀರಿ, ಮಾತಾಡೋಣ.