ಸಾರ್ವಜನಿಕ ಹಣದ ಸಂಶೋಧನೆ, ಸಾರ್ವಜನಿಕರ ದತ್ತಾಂಶ: ಮಂಗಳೂರಿನಿಂದ ಒಂದು ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು, ಬೆಂಗಳೂರು.

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು.

ಇವರಿಂದ: ಮಂಗಳೂರಿನ ಸಂಶೋಧನಾ ವಿದ್ಯಾರ್ಥಿಗಳು, ಅಧ್ಯಾಪಕರು, ಗ್ರಂಥಪಾಲಕರು ಹಾಗೂ ನಾಗರಿಕರು.

ವಿಷಯ: ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಸಂಶೋಧನೆಗಳ ಮೂಲ ದತ್ತಾಂಶವನ್ನು ಕಾಪಾಡಿ, ಮುಕ್ತವಾಗಿ ಹಂಚಿಕೊಳ್ಳುವುದನ್ನು ಕಡ್ಡಾಯಗೊಳಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ಮನವಿಗೆ ಸಹಿ ಹಾಕಿರುವ ನಾವು ಮಂಗಳೂರಿನಲ್ಲೂ ಆಸುಪಾಸಿನಲ್ಲೂ ಓದುವ, ಕಲಿಸುವ, ಗ್ರಂಥಾಲಯ ನೋಡಿಕೊಳ್ಳುವ, ಮೀನುಗಾರಿಕೆ ಮತ್ತು ಕೃಷಿ ನಂಬಿ ಬದುಕುವ ಜನ. ನಮ್ಮ ಮುಖ್ಯ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇವೆ. ಪಿಎಚ್‌ಡಿ ಪ್ರಬಂಧ ಒಪ್ಪಿಸುವುದು ಹೇಗೆ ಕಡ್ಡಾಯವೋ, ಆ ಪ್ರಬಂಧಕ್ಕೆ ಆಧಾರವಾದ ಅಳತೆ, ಎಣಿಕೆ, ಪರೀಕ್ಷಾ ಫಲಿತಾಂಶಗಳನ್ನು ಒಪ್ಪಿಸುವುದೂ ಹಾಗೆಯೇ ಕಡ್ಡಾಯವಾಗಬೇಕು.

ಮಂಗಳೂರಿನಿಂದ ಈ ಕೂಗು ಏಳುವುದಕ್ಕೆ ಕಾರಣವಿದೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ಇಲ್ಲಿ. ಸುರತ್ಕಲ್‌ನಲ್ಲಿ 1960ರಿಂದ ಎಂಜಿನಿಯರಿಂಗ್ ಕಾಲೇಜಾಗಿದ್ದು ಈಗ ಎನ್‌ಐಟಿಕೆ ಆಗಿರುವ ಸಂಸ್ಥೆಯಿದೆ, ಕೊಣಾಜೆಯಲ್ಲಿ 1980ರಿಂದ ಮಂಗಳೂರು ವಿಶ್ವವಿದ್ಯಾಲಯವಿದೆ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ನಗರದೊಳಗೇ ಇದೆ. ದಕ್ಷಿಣಕ್ಕೆ ಕಾಸರಗೋಡಿಗೆ ಹೋದರೆ 1916ರಷ್ಟು ಹಿಂದೆ ಬೇರುಬಿಟ್ಟ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಪೂರ್ವಕ್ಕೆ ಪುತ್ತೂರಿನಲ್ಲಿ ಗೇರು ಸಂಶೋಧನಾ ಕೇಂದ್ರ. ನೇತ್ರಾವತಿ ಮತ್ತು ಫಲ್ಗುಣಿಯ ನೀರು, ಉಳ್ಳಾಲದ ಕಡಲ್ಕೊರೆತ, ಬೂತಾಯಿ-ಬಂಗುಡೆ, ಅಡಿಕೆ, ಗೇರು, ಘಟ್ಟದ ಕಪ್ಪೆ, ಅಳಿವೆಯ ಮರುವಾಯಿ ಹೀಗೆ ಇಲ್ಲಿನ ಜನಜೀವನ ತಾಗುವ ವಿಷಯಗಳ ಮೇಲೆ ದಶಕಗಳಿಂದ ಸಂಶೋಧನೆ ನಡೆದಿದೆ. ಅದರ ದೊಡ್ಡ ಪಾಲಿಗೆ ಹಣ ಕೊಟ್ಟವರು ತೆರಿಗೆದಾರರು.

ಆ ಕೆಲಸದ ಎಷ್ಟು ಭಾಗ ಉಳಿದಿದೆ? ಪ್ರಬಂಧಗಳು ಉಳಿದಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2009ರ ನಿಯಮದಲ್ಲಿ ಪಿಎಚ್‌ಡಿ ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿಯನ್ನು ವಿಶ್ವವಿದ್ಯಾಲಯಗಳ ಗ್ರಂಥಾಲಯ ಜಾಲವಾದ ಇನ್‌ಫ್ಲಿಬ್‌ನೆಟ್‌ನಲ್ಲಿ ಇಡಲು ಒಪ್ಪಿಸಲೇಬೇಕೆಂದು ವಿಧಿಸಿತು. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾ ಬೆಳೆದದ್ದು ಆ ಒಂದು ನಿಯಮದಿಂದ. ಅದಕ್ಕೆ ಮೊದಲು ಪ್ರಬಂಧ ನೋಡಬೇಕಿದ್ದರೆ ಆಯಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಹೋಗಿ, ಅನುಮತಿ ಪಡೆದು, ಅಲ್ಲೇ ಕುಳಿತು ಟಿಪ್ಪಣಿ ಮಾಡಿಕೊಳ್ಳಬೇಕಿತ್ತು. ಇಂದು ಬಂಟ್ವಾಳದ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲೇ ಕುಳಿತು ಗುವಾಹಟಿಯ ಪ್ರಬಂಧ ಓದಬಲ್ಲಳು. ಆದರೆ ಆ ಪ್ರಬಂಧದಲ್ಲಿ ಓದುಗರಿಗೆ ಸಿಗುವುದು ಸರಾಸರಿ, ಗ್ರಾಫು ಮತ್ತು ತೀರ್ಮಾನ. ಸರಾಸರಿಯ ಹಿಂದಿರುವ ಸಾವಿರಾರು ಬಿಡಿ ಅಳತೆಗಳು ಸಂಶೋಧಕರ ಲ್ಯಾಪ್‌ಟಾಪಿನಲ್ಲೋ ಪೆನ್‌ಡ್ರೈವಿನಲ್ಲೋ ಇರುತ್ತವೆ. ಲ್ಯಾಪ್‌ಟಾಪ್ ಕೆಟ್ಟರೆ, ಗೈಡ್ ನಿವೃತ್ತರಾದರೆ, ವಿದ್ಯಾರ್ಥಿ ಬೇರೆ ಕೆಲಸಕ್ಕೆ ಹೋದರೆ ಅಲ್ಲಿಗೆ ಅದರ ಕತೆ ಮುಗಿಯಿತು. 2005ರ ಮೇ ತಿಂಗಳಲ್ಲಿ ಕೂಳೂರು ಸೇತುವೆಯ ಕೆಳಗೆ ನೀರಿನಲ್ಲಿ ಆಮ್ಲಜನಕ ಎಷ್ಟಿತ್ತೆಂದು ಇವತ್ತು ಹೋಗಿ ಅಳೆಯಲು ಯಾರಿಂದಲೂ ಆಗದು.

ದತ್ತಾಂಶ ಕೈಗೆ ಸಿಕ್ಕ ಮಾತ್ರಕ್ಕೆ ಉಪಯೋಗಕ್ಕೆ ಬರುತ್ತದೆ ಎಂದೂ ಇಲ್ಲ. ಅಳಿವೆಯ ನೀರಿನ ಮೇಲೆ ಕೆಲಸ ಮಾಡಿದವರ ಒಂದು ಎಕ್ಸೆಲ್ ಫೈಲು ಹೇಗಿರುತ್ತದೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಮೊದಲ ಕಾಲಮ್ಮಿನಲ್ಲಿ 'ಸ್ಟೇಷನ್ 3' ಎಂದಿರುತ್ತದೆ. ಅದು ನದಿಯ ಯಾವ ದಡ, ಅಕ್ಷಾಂಶ ರೇಖಾಂಶ ಏನು ಎಂಬುದಿಲ್ಲ. ಒಂದು ಕೋಶದಲ್ಲಿ 'ಎನ್‌ಡಿ' ಎಂದು ಬರೆದಿದೆ. ಪರೀಕ್ಷಿಸಿದರೂ ಆ ವಸ್ತು ಕಾಣಲಿಲ್ಲವೋ, ಆ ದಿನ ಪರೀಕ್ಷೆಯೇ ಆಗಲಿಲ್ಲವೋ ತಿಳಿಯದು. ಲವಣಾಂಶದ ಕಾಲಮ್ಮಿದೆ, ಮಾದರಿ ತೆಗೆದದ್ದು ಉಬ್ಬರದಲ್ಲೋ ಇಳಿತದಲ್ಲೋ ಎಂಬ ಕಾಲಮ್ಮಿಲ್ಲ. ದಿನಾಂಕ 05-06 ಎಂದಿದೆ. ಅದು ಮೇ 6 ಆಗಿರಬಹುದು, ಜೂನ್ 5 ಆಗಿರಬಹುದು. ಬೇರೆ ಊರಿನಲ್ಲಿ ಇದು ಒಂದು ತಿಂಗಳ ವ್ಯತ್ಯಾಸ. ಕರಾವಳಿಯಲ್ಲಿ ಇದು ಬಿರುಬೇಸಗೆಗೂ ಮಳೆಗಾಲಕ್ಕೂ ಇರುವ ವ್ಯತ್ಯಾಸ. ಅಳಿವೆಯಲ್ಲಿ ಒಂದರ ನೀರು ಉಪ್ಪು, ಇನ್ನೊಂದರ ನೀರು ಸಿಹಿಯಾಗಿರಬಹುದು. ಊರಿನ ಹೆಸರುಗಳನ್ನು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿದ್ದರೆ ಹೊಸ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣಿಸುತ್ತದೆ. ವರ್ಷಗಟ್ಟಲೆ ದೋಣಿ ಹತ್ತಿ, ಬಿಸಿಲಲ್ಲಿ ಬೆಂದು ಕೂಡಿಟ್ಟ ಅಳತೆಗಳು ಹೀಗೆ ನಿರುಪಯೋಗಿಯಾಗುವುದನ್ನು ಕಂಡಾಗ ನಮಗೆ ಸಂಕಟವಾಗುತ್ತದೆ. ಅರ್ಧ ಪುಟದ ಒಂದು ವಿವರಣೆಯನ್ನು ಫೈಲಿನ ಜೊತೆಗಿಟ್ಟಿದ್ದರೆ ಈ ನಷ್ಟ ತಪ್ಪುತ್ತಿತ್ತು. ಇದು ವಿದ್ಯಾರ್ಥಿಗಳ ಸೋಮಾರಿತನವಲ್ಲ. ಅದನ್ನು ಯಾರೂ ಕಲಿಸಲಿಲ್ಲ, ಯಾರೂ ಕೇಳಲಿಲ್ಲ.

ದತ್ತಾಂಶ ಎಲ್ಲರ ಮುಂದಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಗೆ ಎತ್ತಿನಹೊಳೆಗಿಂತ ಹತ್ತಿರದ ಉದಾಹರಣೆ ಬೇಡ. ಸಕಲೇಶಪುರದ ಘಟ್ಟದಲ್ಲಿ ಹುಟ್ಟುವ ಆ ನೀರು ಗುಂಡ್ಯ ಹೊಳೆಯಾಗಿ, ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಮಂಗಳೂರು ಕುಡಿಯುವುದು ಅದೇ ನದಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನ ನೀರನ್ನು. ಎತ್ತಿನಹೊಳೆಯ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ತಿರುಗಿಸುವ ಯೋಜನೆಯ ವರದಿ 24.01 ಟಿಎಂಸಿ ನೀರು ಸಿಗುತ್ತದೆ ಎಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳ ಅಂದಾಜು 9.55 ಟಿಎಂಸಿ. ಅದೇ ಹೊಳೆಗಳು, ಎರಡೂವರೆ ಪಟ್ಟು ಅಂತರದ ಎರಡು ಅಂಕಿ. ಇದರ ಮೇಲೆ ಇಲ್ಲಿ ಬಂದ್ ನಡೆದವು, ಮೆರವಣಿಗೆ ನಡೆದವು, ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾಯಿತು. 2024ರ ಸೆಪ್ಟೆಂಬರಿನಲ್ಲಿ ಯೋಜನೆಯ ಮೊದಲ ಹಂತ ಚಾಲನೆಗೊಂಡಿತು. ಯೋಜನೆ ಬೇಕೇ ಬೇಡವೇ ಎಂಬುದು ಈ ಮನವಿಯ ವಿಷಯವಲ್ಲ. ಸಹಿ ಹಾಕಿದವರಲ್ಲೇ ಅದರ ಬಗ್ಗೆ ಒಮ್ಮತವಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಜನರ ಬಾಯಾರಿಕೆ ನಮಗೆ ಅರ್ಥವಾಗುತ್ತದೆ. ನಮ್ಮ ಪ್ರಶ್ನೆ ಬೇರೆ. ಯಾವ ಮಳೆಮಾಪಕದ ಎಷ್ಟು ವರ್ಷಗಳ ಅಂಕಿ, ಯಾವ ಜಾಗದಲ್ಲಿ ಅಳೆದ ಹರಿವು, ಯಾವ ಲೆಕ್ಕಾಚಾರ ಎಂಬುದೆಲ್ಲ ಒಂದೇ ಕಡೆ, ಕಂಪ್ಯೂಟರಿಗೆ ಹಾಕಿ ಮರುಲೆಕ್ಕ ಮಾಡಬಹುದಾದ ರೂಪದಲ್ಲಿ ಮೊದಲ ದಿನದಿಂದ ಇದ್ದಿದ್ದರೆ, ಎರಡು ಅಂಕಿಗಳ ನಡುವಿನ ಅಂತರ ಎಲ್ಲಿ ಹುಟ್ಟಿತೆಂದು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಹುಡುಕಿ ತೋರಿಸಬಹುದಿತ್ತು. ಸಾವಿರಾರು ಕೋಟಿ ರೂಪಾಯಿಯ ತೀರ್ಮಾನಕ್ಕೆ ಇಷ್ಟೂ ಆಧಾರ ಬೇಡವೇ?

ಗಡಿಯಾಚೆ, ಕಾಸರಗೋಡಿನ ಎಣ್ಮಕಜೆಯ ಪಡ್ರೆ ಗ್ರಾಮದ ಅನುಭವ ಇದಕ್ಕಿಂತ ಕಹಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದವರೆಗೂ ನಡೆಯಿತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪ್ರಯೋಗಾಲಯ ಅಲ್ಲಿನವರ ರಕ್ತದಲ್ಲಿ ವಿಷದ ಉಳಿಕೆ ಕಂಡಿತು. ಆ ತೋಟಗಳನ್ನು ನಡೆಸುತ್ತಿದ್ದ ನಿಗಮ ಮಾಡಿಸಿದ ಪರೀಕ್ಷೆ ರಕ್ತದಲ್ಲಿ ಅಂಥದ್ದಿಲ್ಲ ಎಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಾಲಾಮಕ್ಕಳ ಮೇಲೆ ಅಧ್ಯಯನ ನಡೆಸಿತು, ಆ ಮೇಲೂ ವಾದ ನಿಲ್ಲಲಿಲ್ಲ. ಸುಪ್ರೀಂ ಕೋರ್ಟ್ ಈ ಕೀಟನಾಶಕವನ್ನು ತಡೆದದ್ದು 2011ರ ಮೇ 13ರಂದು. ಆ ವರ್ಷಗಳಲ್ಲಿ ಪಡ್ರೆಯವರೂ ನಮ್ಮ ಜಿಲ್ಲೆಯಲ್ಲಿ ಇದೇ ವಿಷಕ್ಕೆ ತುತ್ತಾದ ಕೊಕ್ಕಡದವರೂ ನಂಬುವುದು ಯಾರನ್ನು ಎಂದು ತಿಳಿಯದೆ ನರಳಿದರು. ಪರೀಕ್ಷೆಗಳ ವಿಧಾನ, ಮಾದರಿ ತೆಗೆದ ದಿನ, ಉಪಕರಣ ಗುರುತಿಸಬಲ್ಲ ಕನಿಷ್ಠ ಪ್ರಮಾಣ ಇವನ್ನೆಲ್ಲ ಅಕ್ಕಪಕ್ಕ ಇಟ್ಟು ನೋಡುವುದು ಸುಲಭವಾಗಿದ್ದರೆ ಸತ್ಯ ಬೇಗ ಹೊರಬರುತ್ತಿತ್ತು ಎಂಬುದು ನಮ್ಮ ದೃಢ ನಂಬಿಕೆ. ಅದೇ ಊರು ಇನ್ನೊಂದು ಎಚ್ಚರವನ್ನೂ ಕಲಿಸುತ್ತದೆ. ಆರೋಗ್ಯದ ದತ್ತಾಂಶ ತೆರೆಯುವಾಗ ಯಾವ ಮಗುವಿನ, ಯಾವ ಮನೆಯ ಗುರುತೂ ಹೊರಬೀಳಬಾರದು. ಸಣ್ಣ ಊರಿನಲ್ಲಿ ಹೆಸರು ಅಳಿಸಿದರೆ ಸಾಲದು. ವಯಸ್ಸು, ವಾರ್ಡು, ಕಾಯಿಲೆ ಮೂರು ಸೇರಿದರೆ ಇಂಥವರೇ ಎಂದು ನೆರೆಯವರು ಹೇಳಿಬಿಡುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಹೊಂದುವ, ಸಣ್ಣ ಊರುಗಳ ಈ ಕಷ್ಟವನ್ನೂ ಅರಿತ ನಿಯಮ ಬೇಕು. ಹಾಗೆಯೇ ಕಡಲಾಮೆ ಗೂಡಿಡುವ ಜಾಗ, ಅಪರೂಪದ ಸಸ್ಯ ಇರುವ ಜಾಗಗಳ ನಿಖರ ನೆಲೆಯನ್ನು ಮರೆಮಾಡಲು ಅವಕಾಶವಿರಬೇಕು.

ಒಳ್ಳೆಯ ಮಾದರಿಯೂ ನಮ್ಮ ಬಂದರಿನಲ್ಲೇ ಇದೆ. ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಸಿಬ್ಬಂದಿ ದಕ್ಕೆಯಲ್ಲಿ ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ, ಮರುದಿನ ಬೆಳಿಗ್ಗೆ 6ರಿಂದ 12ರವರೆಗೆ ನಿಂತು, ಬಂದ ಬೋಟುಗಳಲ್ಲಿ ಕೆಲವನ್ನು ಆರಿಸಿ ಮೀನನ್ನು ಜಾತಿವಾರು ಲೆಕ್ಕ ಹಾಕುತ್ತಾರೆ. ನಡುವಿನ ರಾತ್ರಿಯದನ್ನು ವಿಚಾರಿಸಿ ಬರೆದುಕೊಳ್ಳುತ್ತಾರೆ. ಸಂಸ್ಥೆ ಕರಾವಳಿಯುದ್ದಕ್ಕೂ ದಶಕಗಳಿಂದ ಇದೇ ಕ್ರಮ ಬಿಡದೆ ನಡೆಸಿದ್ದರಿಂದಲೇ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿದದ್ದನ್ನು ಅಂಕಿಯಲ್ಲಿ ತೋರಿಸಲು ಸಾಧ್ಯವಾಯಿತು. ಮೀನುಗಾರರು 'ಬೂತಾಯಿ ಇಲ್ಲ' ಎಂದಾಗ ಸರಕಾರ ಕೇಳದೆ ಇರಬಹುದು, ಈ ಅಂಕಿ ಇಟ್ಟರೆ ಕೇಳಲೇಬೇಕಾಗುತ್ತದೆ.

ನೀತಿಗಳ ಕೊರತೆಯೂ ಇಲ್ಲ. ಕೇಂದ್ರ ಸರಕಾರ 2012ರಲ್ಲೇ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿ ತಂದಿತು, ಜೈವಿಕ ತಂತ್ರಜ್ಞಾನ ಇಲಾಖೆ ಹಾಗೂ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗಳು 2014ರಲ್ಲಿ ಮುಕ್ತ ಪ್ರವೇಶ ನೀತಿ ತಂದವು, 2021ರಲ್ಲಿ ಯುನೆಸ್ಕೊ ಮುಕ್ತ ವಿಜ್ಞಾನದ ಶಿಫಾರಸು ಅಂಗೀಕರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಲೇಖನ ಭಂಡಾರವನ್ನು 2002ರಲ್ಲೇ ತೆರೆಯಿತು. ಇವೆಲ್ಲ ರಾಜ್ಯದ ವಿಶ್ವವಿದ್ಯಾಲಯದ ಪ್ರಯೋಗಾಲಯದ ಮೇಜಿಗೆ ತಲುಪಬೇಕಾದರೆ ಪರಿಷತ್ತಿನ ಮಾತು ಬೇಕು.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಹೀಗೆ ಮುಂದಿಡುತ್ತೇವೆ. ಪಿಎಚ್‌ಡಿ ಪದವಿ ಘೋಷಣೆಗೆ ಮುನ್ನ ಪ್ರಬಂಧದ ಜೊತೆಗೆ ಮೂಲ ದತ್ತಾಂಶದ ಫೈಲು ಮತ್ತು ಅದರ ವಿವರಣೆ ಒಂದು ಮುಕ್ತ ದತ್ತಾಂಶ ಭಂಡಾರಕ್ಕೆ ಸೇರಿರಬೇಕು ಎಂಬ ಮಾದರಿ ನಿಯಮವನ್ನು ಪರಿಷತ್ತು ರೂಪಿಸಿ ಎಲ್ಲ ರಾಜ್ಯ ವಿಶ್ವವಿದ್ಯಾಲಯಗಳಿಗೆ ಕಳುಹಿಸಬೇಕು. ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಂತೆ ಬೇರೆ ಇಲಾಖೆಯಡಿ ಇರುವ ಸಂಸ್ಥೆಗಳನ್ನೂ ಸಂಬಂಧಪಟ್ಟ ಇಲಾಖೆಗಳ ಮೂಲಕ ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಮಂಗಳೂರಿನ ಮೀನುಗಾರಿಕಾ ಕಾಲೇಜೇ ಹೊರಗುಳಿಯುತ್ತದೆ. ತಮ್ಮ ದುಡಿಮೆಯ ಫಲವನ್ನು ಬೇರೆಯವರು ಮೊದಲೇ ಪ್ರಕಟಿಸಿಬಿಟ್ಟಾರು ಎಂಬ ಸಂಶೋಧಕರ ಭಯ ನ್ಯಾಯವಾದದ್ದು. ಅವರು ಕೇಳಿದರೆ ಎರಡು ವರ್ಷದವರೆಗೆ ಫೈಲನ್ನು ಮುಚ್ಚಿಡಲು ಅವಕಾಶವಿರಲಿ. ಅವಧಿ ಮುಗಿದ ದಿನ ಅದು ತಾನಾಗಿ ತೆರೆಯಲಿ, ಯಾರ ಅಪ್ಪಣೆಗೂ ಕಾಯದಿರಲಿ.

ಭಂಡಾರಕ್ಕೆ ಹಣವಿಲ್ಲ ಎಂಬ ಉತ್ತರವನ್ನು ದಯವಿಟ್ಟು ಕೊಡಬೇಡಿ. ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆ 2013ರಿಂದ ನಡೆಸುತ್ತಿರುವ ಝೆನೊಡೊ ಭಂಡಾರ ಉಚಿತ. ಇಟ್ಟ ಫೈಲಿಗೆ ಶಾಶ್ವತ ಗುರುತು ಸಂಖ್ಯೆಯೂ ಸಿಗುತ್ತದೆ. ರಾಜ್ಯದ್ದೇ ಭಂಡಾರ ಆಗುವವರೆಗೆ ಅದನ್ನು ಬಳಸಬಹುದು. ಖರ್ಚು ಮಾಡಬೇಕಾದದ್ದು ಜನರ ಮೇಲೆ. ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಈ ಕೆಲಸಕ್ಕೆಂದೇ ತರಬೇತಾದ ಒಬ್ಬ ಖಾಯಂ ಸಿಬ್ಬಂದಿ ಇರಬೇಕು, ಪಿಎಚ್‌ಡಿ ಕೋರ್ಸ್‌ವರ್ಕಿನಲ್ಲಿ ದತ್ತಾಂಶ ನಿರ್ವಹಣೆ ಒಂದು ಪಾಠವಾಗಬೇಕು. ಅಧ್ಯಾಪಕರ ಬಡ್ತಿಯ ಅಂಕಗಳಲ್ಲಿ ಲೇಖನದಂತೆಯೇ ಪ್ರಕಟಿತ ದತ್ತಾಂಶಕ್ಕೂ ಬೆಲೆ ಸಿಗಬೇಕು. ನಿವೃತ್ತಿಯ ಅಂಚಿನಲ್ಲಿರುವ ಅಧ್ಯಾಪಕರ ಬಳಿಯಿರುವ ಹಳೆಯ ನೋಟ್‌ಬುಕ್ಕು, ಫೀಲ್ಡ್ ಡೈರಿಗಳನ್ನು ಸ್ಕ್ಯಾನ್ ಮಾಡಿಸುವ ಕೆಲಸ ಮಾತ್ರ ನಿಯಮ ಬರುವವರೆಗೆ ಕಾಯುವಂತಿಲ್ಲ. ಅದು ಈ ವರ್ಷವೇ ಆರಂಭವಾಗಬೇಕು.

ಪ್ರತಿಯೊಂದು ದತ್ತಾಂಶದ ಜೊತೆಗೂ ಯೂನಿಕೋಡ್ ಕನ್ನಡದಲ್ಲಿ ಒಂದು ಪುಟದ ವಿವರಣೆ ಇರಲೇಬೇಕು: ಏನನ್ನು, ಎಲ್ಲಿ, ಯಾವಾಗ, ಹೇಗೆ ಅಳೆದರು, ಏನು ಕಂಡಿತು. ತೋಟ ಬೆಂಗ್ರೆಯ ಮೀನುಗಾರರು ತಮ್ಮ ಹೊಳೆಯ ನೀರಿನ ಬಗ್ಗೆ, ವಿಟ್ಲದ ಕೃಷಿಕರು ತಮ್ಮ ಮಣ್ಣಿನ ಬಗ್ಗೆ ತಿಳಿಯಲು ಇಂಗ್ಲಿಷ್ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾದ ಸ್ಥಿತಿ ಇರಬಾರದು. ಮಾದರಿ ತೆಗೆಯಲು ದೋಣಿ ಕೊಟ್ಟವರು, ತೋಟದೊಳಗೆ ಬಿಟ್ಟವರು ಅವರೇ.

ಈ ಮನವಿಯನ್ನು ಪರಿಷತ್ತಿನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಆರು ತಿಂಗಳೊಳಗೆ ಕರಡು ನಿಯಮವನ್ನು ಕನ್ನಡದಲ್ಲೂ ಪ್ರಕಟಿಸಿ, ಅದರ ಮೇಲಿನ ಸಾರ್ವಜನಿಕ ಸಮಾಲೋಚನೆಗಳಲ್ಲಿ ಒಂದನ್ನು ಮಂಗಳೂರಿನಲ್ಲಿ ನಡೆಸಬೇಕೆಂದೂ, ಕೈಗೊಂಡ ತೀರ್ಮಾನವನ್ನು ಜಿಲ್ಲಾಧಿಕಾರಿಗಳ ಕಚೇರಿಯ ಮೂಲಕ ನಮಗೆ ಲಿಖಿತವಾಗಿ ತಿಳಿಸಬೇಕೆಂದೂ ವಿನಂತಿಸುತ್ತೇವೆ.



ತಮ್ಮ ವಿಶ್ವಾಸಿಗಳು,
ಮಂಗಳೂರಿನ ಸಂಶೋಧನಾ ವಿದ್ಯಾರ್ಥಿಗಳು, ಅಧ್ಯಾಪಕರು, ಗ್ರಂಥಪಾಲಕರು ಹಾಗೂ ನಾಗರಿಕರು
(ಸಹಿಗಳ ಹಾಳೆ ಲಗತ್ತಿಸಿದೆ)