ಕೈಯ ತಪ್ಪಿಗೆ ಕಾಲಿನಲ್ಲಿ ಮದ್ದು

12 ವರ್ಷದ ಸಾಫ್ಟ್‌ಬಾಲ್ ಪಿಚರ್ ಒಬ್ಬಳ ಚೆಂಡು ಒಮ್ಮೆ ಬ್ಯಾಟರ್ ತಲೆಯ ಮೇಲಿಂದ ಹಾದುಹೋಗುತ್ತದೆ. ಮರು ಎಸೆತದಲ್ಲಿ ಬ್ಯಾಟರ್ ಮುಂದಿನ ಹೋಂ ಪ್ಲೇಟಿಗೂ ಮುಂಚೆಯೇ ನೆಲಕ್ಕೆ ಬಡಿಯುತ್ತದೆ. ಬೇಲಿಯಾಚೆ ನಿಂತ ದೊಡ್ಡವರ ಕಣ್ಣೆಲ್ಲ ಅವಳ ಕೈ ಮೇಲೆ. ‘ಸ್ವಲ್ಪ ಬೇಗ ಬಿಡು’, ‘ಮಣಿಕಟ್ಟು ಗಟ್ಟಿ ಹಿಡಿ’ ಎಂಬ ಸಲಹೆಗಳು ಒಂದರ ಹಿಂದೊಂದು ಬರುತ್ತವೆ. ಹುಡುಗಿ ಎಲ್ಲವನ್ನೂ ಪಾಲಿಸಲು ಹೋಗುತ್ತಾಳೆ, ಚೆಂಡು ಇನ್ನಷ್ಟು ದಿಕ್ಕು ತಪ್ಪುತ್ತದೆ. ಚೆಂಡನ್ನು ಕೈಬಿಡುವುದು ಎಸೆತದ ಕೊನೆಯ ಘಟ್ಟ. ಅಷ್ಟರೊಳಗೆ ಪಾದ, ಮಂಡಿ, ಸೊಂಟ ತಮ್ಮ ಕೆಲಸದ ಬಹುಪಾಲು ಮುಗಿಸಿರುತ್ತವೆ. ಅಲ್ಲಾದ ಎಡವಟ್ಟನ್ನು ಕೊನೆಯ ಗಳಿಗೆಯಲ್ಲಿ ಕೈ ಸರಿಪಡಿಸಲಾರದು.

1887ರಲ್ಲಿ ಶಿಕಾಗೋದಲ್ಲಿ ಒಳಾಂಗಣ ಆಟವಾಗಿ ಹುಟ್ಟಿದ ಸಾಫ್ಟ್‌ಬಾಲ್ ಇಂದು ಅಮೆರಿಕದ ಹೆಣ್ಣುಮಕ್ಕಳ ಜನಪ್ರಿಯ ಶಾಲಾ ಕ್ರೀಡೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಹುಡುಗಿಯರೂ ಇದನ್ನು ಆಡುತ್ತಾರೆ. ಭಾರತದಲ್ಲಿ ಶಾಲಾ ಮತ್ತು ವಿಶ್ವವಿದ್ಯಾಲಯ ಮಟ್ಟದಲ್ಲಿ ಈ ಆಟ ಇದೆ. ಕ್ರಿಕೆಟ್ ನೋಡುತ್ತ ಬೆಳೆದ ತಂದೆ ತಾಯಿಗೆ ಇಲ್ಲಿನ ಎಸೆತ ಹೊಸದು. ಪಿಚರ್ ಓಡಿಬರುವಂತಿಲ್ಲ. ನೆಲದಲ್ಲಿ ಕೂರಿಸಿದ, 24 ಇಂಚು ಅಗಲದ ಪಿಚಿಂಗ್ ಪ್ಲೇಟಿಗೆ ಪಾದ ತಾಗಿಸಿ ನಿಂತು, ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಚೆಂಡು ಬಿಡಬೇಕು. ದೂರ 10 ವರ್ಷದೊಳಗಿನವರಿಗೆ ಸಾಮಾನ್ಯವಾಗಿ 35 ಅಡಿ, 12ರೊಳಗಿನವರಿಗೆ 40 ಅಡಿ, ಅಮೆರಿಕದ ಹೈಸ್ಕೂಲು ಮತ್ತು ಕಾಲೇಜು ಹುಡುಗಿಯರಿಗೆ 43 ಅಡಿ.

ಓಟವೇ ಇಲ್ಲದ ಮೇಲೆ ವೇಗ ಎಲ್ಲಿಂದ ಬರಬೇಕು? ನೆಲದಿಂದ. ಬಲಗೈ ಪಿಚರ್‌ಳ ಬಲಗಾಲು ಪ್ಲೇಟನ್ನು ಹಿಂದಕ್ಕೆ ಒದ್ದು ದೇಹವನ್ನು ಮುಂದಕ್ಕೆ ತಳ್ಳುತ್ತದೆ. ಎಡಗಾಲು ಉದ್ದಕ್ಕೆ ಚಾಚುವಾಗ ಸೊಂಟ ಪಕ್ಕಕ್ಕೆ ತೆರೆಯುತ್ತದೆ. ಎಡಪಾದ ನೆಲಕ್ಕೂರಿ ದೇಹದ ಓಟವನ್ನು ತಡೆಯುತ್ತದೆ. ಆ ತಡೆಯಿಂದ ಹುಟ್ಟಿದ ಬಲ ಸೊಂಟ, ಬೆನ್ನು, ಭುಜಗಳನ್ನು ದಾಟಿ ಬೆರಳ ತುದಿಗೆ ತಲುಪುತ್ತದೆ. ವೇಗದ ಬೌಲರ್ ಕ್ರೀಸ್‌ನಲ್ಲಿ ಮುಂದಿನ ಕಾಲನ್ನು ಗಟ್ಟಿಯಾಗಿ ಊರಿದಾಗಲೇ ಚೆಂಡಿಗೆ ಕಸುವು ಬರುವುದನ್ನು ನೆನೆದರೆ ಇದು ತಿಳಿಯುತ್ತದೆ. ಮುಂದಿನ ಕಾಲು ಕುಸಿದರೆ ಚೆಂಡು ಬಿಡುವ ಜಾಗ ಪ್ರತಿಸಲವೂ ಬದಲಾಗುತ್ತದೆ. ಕೆಳಗಿನಿಂದ ಎಸೆಯುವ ಈ ಕ್ರಮದಲ್ಲಿ ಕಣ್ಣೆವೆ ಮಿಟುಕಿಸುವಷ್ಟು ಬೇಗ ಬಿಟ್ಟರೂ ಚೆಂಡು ತಗ್ಗುತ್ತದೆ, ತಡವಾದರೆ ಮೇಲೇಳುತ್ತದೆ.

ಕೈ ಕೆಳಗಿನಿಂದ ಬರುವುದರಿಂದ ಇದು ದೇಹಕ್ಕೆ ಸಹಜ, ಎಷ್ಟು ಎಸೆದರೂ ತೊಂದರೆಯಿಲ್ಲ ಎಂಬ ನಂಬಿಕೆ ಬಹುಕಾಲದಿಂದ ಇದೆ. ಅದು ನಿಜವಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಪಿಚರ್‌ಗಳನ್ನು ಚಿತ್ರೀಕರಿಸಿ ನಡೆಸಿದ ಅಧ್ಯಯನದಲ್ಲಿ, ತೋಳನ್ನು ಭುಜದ ಕೀಲಿನಿಂದ ಹೊರಕ್ಕೆಳೆಯುವ ಬಲ ದೇಹದ ತೂಕದ ಸುಮಾರು ಶೇ 80ರಷ್ಟು ಕಂಡುಬಂತು. ಮುಂದಿನ ಪಾದ ನೆಲಕ್ಕೂರುವಾಗ ಎಳೆಯ ಪಿಚರ್‌ಗಳ ಕಾಲಿನ ಮೇಲೆಯೂ ಅವರ ತೂಕಕ್ಕಿಂತ ಹೆಚ್ಚು ಹೊರೆ ಬೀಳುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೋ ಉಯೆನೊ ಎರಡೇ ದಿನಗಳಲ್ಲಿ 413 ಎಸೆತ ಎಸೆದು ಚಿನ್ನ ಗೆಲ್ಲಿಸಿದ್ದು ಅದ್ಭುತ ಸಾಧನೆ. ಆದರೆ ಆಗ ಅವರು 26 ವರ್ಷದ, ಪೂರ್ಣ ತರಬೇತಿ ಪಡೆದ ಆಟಗಾರ್ತಿ. ಬೆಳೆಯುತ್ತಿರುವ ಮಗುವಿಗೆ ಅದು ಅಳತೆಗೋಲಾಗಬಾರದು.

ಎಳೆಯರ ಕಾಲಿನಲ್ಲಿ ಹೆಚ್ಚಾಗಿ ಕಾಣುವ ತಪ್ಪುಗಳು ಮೂರು. ಮೊದಲನೆಯದು, ಪ್ಲೇಟನ್ನು ತಳ್ಳದೆ ಬರೀ ಹೆಜ್ಜೆಯಿಡುವುದು. ಆಗ ವೇಗ ತರುವ ಹೊಣೆಯೆಲ್ಲ ಭುಜಕ್ಕೆ ಬೀಳುತ್ತದೆ. ಎರಡನೆಯದು, ಮುಂದಿನ ಪಾದ ತಪ್ಪು ಜಾಗದಲ್ಲಿ ಅಥವಾ ತಪ್ಪು ಕೋನದಲ್ಲಿ ಊರುವುದು. ಬಲಗೈ ಪಿಚರ್‌ಳ ಎಡಪಾದ ನೇರ ಗೆರೆಯನ್ನು ದಾಟಿ ಬಲಕ್ಕೆ ಬಿದ್ದರೆ ಅವಳ ಸೊಂಟವೇ ಅವಳ ಕೈಗೆ ಅಡ್ಡವಾಗುತ್ತದೆ. ತೀರಾ ಎಡಕ್ಕೆ ಹೋದರೆ ಬಲವೆಲ್ಲ ಪಕ್ಕಕ್ಕೆ ಸೋರಿಹೋಗುತ್ತದೆ. ಪಾದದ ಬೆರಳುಗಳು ಪೂರ್ತಿ ಕ್ಯಾಚರ್ (ಬ್ಯಾಟರ್ ಹಿಂದೆ ಚೆಂಡು ಹಿಡಿಯುವವಳು) ಕಡೆಗೇ ಇದ್ದರೆ ಸೊಂಟ ಹೊತ್ತಿಗೆ ಮುಂಚೆ ತಿರುಗಿಬಿಡುತ್ತದೆ. ಪೂರ್ತಿ ಅಡ್ಡಕ್ಕಿದ್ದರೆ ತಿರುಗಲಾಗದ ಸೊಂಟದ ಹೊರೆ ಮಂಡಿಗೆ ಬರುತ್ತದೆ. ಅದಕ್ಕೇ ಹೆಚ್ಚಿನ ತರಬೇತುದಾರರು ಸುಮಾರು 45 ಡಿಗ್ರಿ ಓರೆಯನ್ನು ಬಯಸುತ್ತಾರೆ. ಮೂರನೆಯದು ಹಿಂದಿನ ಕಾಲಿನದು. ಅದು ದೇಹವನ್ನು ಹಿಂಬಾಲಿಸಿ ಹೆಬ್ಬೆರಳ ತುದಿಯಲ್ಲಿ ಹಗುರವಾಗಿ ನೆಲ ಸವರುತ್ತ ಬರಬೇಕು. ಹಿಂದೆಯೇ ಉಳಿದರೆ ಲಂಗರಿನಂತೆ ಎಳೆಯುತ್ತದೆ. ಮುಂದೆ ನೆಗೆದು ಮತ್ತೆ ನೆಲಕ್ಕೂರಿ ಎರಡನೇ ಸಲ ತಳ್ಳಿದರೆ ಅದು ‘ಕ್ರೋ ಹಾಪ್’, ನಿಯಮಬಾಹಿರ ಎಸೆತ.

ಈ ತಪ್ಪುಗಳನ್ನು ಹುಡುಗಿಯ ಅಲಕ್ಷ್ಯ ಎಂದು ತಿಳಿಯಬಾರದು. ಮೈನೆರೆಯುವ ಆಸುಪಾಸಿನ ವರ್ಷಗಳಲ್ಲಿ ಕಾಲು ಬೇಗನೆ ಉದ್ದವಾಗುತ್ತದೆ, ಅದನ್ನು ಹಿಡಿತದಲ್ಲಿಡುವ ಸ್ನಾಯುಗಳು ಹಿಂದೆ ಬೀಳುತ್ತವೆ. ಕಳೆದ ವರ್ಷ ಸಲೀಸಾಗಿ ಎಸೆಯುತ್ತಿದ್ದವಳು ಈ ವರ್ಷ ತಡಬಡಾಯಿಸುವುದು ಹೀಗೆ. ಅವಳನ್ನು ಎಡಗಾಲಿನ ಮೇಲೆ ನಿಲ್ಲಿಸಿ ನಿಧಾನವಾಗಿ ಅರ್ಧ ಕೂರಲು ಹೇಳಿ. ಮಂಡಿ ಒಳಕ್ಕೆ ವಾಲಿದರೆ, ದೇಹ ತೂರಾಡಿದರೆ, ಎಸೆತದ ಬಿರುಸಿನಲ್ಲಿ ಆ ಕಾಲು ಗಟ್ಟಿಯಾಗಿ ನಿಲ್ಲುವುದು ಅನುಮಾನ. ಅಂಥವಳಿಗೆ ‘ಮಂಡಿ ಬಾಗಿಸಬೇಡ’ ಎಂದು ಕೂಗಿ ಫಲವಿಲ್ಲ. ಪೃಷ್ಠ ಮತ್ತು ತೊಡೆಯ ಸ್ನಾಯುಗಳಿಗೆ ಬಲ ತುಂಬುವ, ಒಂಟಿಕಾಲಿನ ಸಮತೋಲನದ ವ್ಯಾಯಾಮ ಮೊದಲು ಬೇಕು.

ತಿದ್ದುವ ಮುನ್ನ ನೋಡಬೇಕು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ ಒಮ್ಮೆ, ಕ್ಯಾಚರ್ ಹಿಂದಿನಿಂದ ಒಮ್ಮೆ ಚಿತ್ರೀಕರಿಸಿದರೆ ಬರಿಗಣ್ಣಿಗೆ ಸಿಗದ್ದು ಸಿಗುತ್ತದೆ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ಅದು ಪಾದ ಊರುವ ಬಗೆಯಿಂದ ಶುರುವಾಗಲಿ. ನಿಲ್ಲಲು ಬಾರದವಳಿಗೆ ಇನ್ನೂ ಜೋರಾಗಿ ತಳ್ಳುವುದನ್ನು ಕಲಿಸಿದರೆ ಮಂಡಿಯ ಮೇಲಿನ ಹೊರೆ ಹೆಚ್ಚುತ್ತದೆ ಅಷ್ಟೆ. ಪ್ಲೇಟಿನ ನಡುವಿನಿಂದ ಕ್ಯಾಚರ್ ಕಡೆಗೆ ಸುಣ್ಣದ ಪುಡಿಯ ಗೆರೆ ಎಳೆದು, ಚೆಂಡಿಲ್ಲದೆ ಹೆಜ್ಜೆ ಹಾಕಿಸಿ, ಪಾದ ಊರಿದ ಭಂಗಿಯಲ್ಲೇ ಎರಡು ಮೂರು ಸೆಕೆಂಡು ನಿಲ್ಲಿಸಬೇಕು. ಅದು ಕೂಡಿಬಂದ ಮೇಲೆ ಹತ್ತಿರದ ಬಲೆಗೆ ಅರ್ಧ ವೇಗದಲ್ಲಿ ಎಸೆತ. ಆಮೇಲೆ ಪೂರ್ಣ ದೂರ, ಕೊನೆಗೆ ಪೂರ್ಣ ವೇಗ. ಬಲೆಗೆ ಎಸೆಯುವಾಗ ಸ್ಟ್ರೈಕ್ (ನಿಗದಿತ ವಲಯದಲ್ಲಿ ಹಾದ ಎಸೆತ) ಬಿತ್ತೇ ಇಲ್ಲವೇ ಎಂಬ ಚಿಂತೆ ಇರುವುದಿಲ್ಲ, ಗಮನ ಕಾಲಿನ ಮೇಲೆ ಉಳಿಯುತ್ತದೆ.

ಹೇಳುವ ಮಾತಿನಲ್ಲೂ ವ್ಯತ್ಯಾಸವಿದೆ. ತನ್ನ ಅಂಗಾಂಗದ ಮೇಲೆ ಗಮನವಿಡುವವರಿಗಿಂತ ಹೊರಗಿನ ಒಂದು ಗುರಿಯ ಮೇಲೆ ಗಮನವಿಡುವವರು ಚಲನೆಯನ್ನು ಚೆನ್ನಾಗಿ ಕಲಿಯುತ್ತಾರೆ ಎಂದು ಚಲನೆಯ ಕಲಿಕೆಯನ್ನು ಅಧ್ಯಯನ ಮಾಡುವ ಗೇಬ್ರಿಯೆಲೆ ವುಲ್ಫ್ ಅವರ ಸಂಶೋಧನೆಗಳು ತೋರಿಸಿವೆ. ಹಾಗಾಗಿ ‘ಮೀನಖಂಡ ಬಿಗಿ ಮಾಡು’ ಎನ್ನುವ ಬದಲು ‘ಪ್ಲೇಟನ್ನು ಹಿಂದಕ್ಕೆ ನೂಕು’, ‘ಗೆರೆಯ ಮೇಲೆ ಇಳಿ’ ಎಂದರೆ ಮಗುವಿನ ದೇಹ ಬೇಗ ಅರ್ಥಮಾಡಿಕೊಳ್ಳುತ್ತದೆ.

ಹಳೆಯ ರೂಢಿ ಬಿಟ್ಟು ಹೊಸದು ಕೂಡುವ ನಡುವೆ ಎಸೆತ ಕೆಡುವುದು ಖಚಿತ. ಆದ್ದರಿಂದ ಟೂರ್ನಿಗಳ ನಡುವೆ ಈ ಕೆಲಸಕ್ಕೆ ಕೈಹಾಕಬಾರದು. ಬಿಡುವಿನ ತಿಂಗಳುಗಳೇ ಸೂಕ್ತ. ಭುಜ, ಸೊಂಟ, ಮಂಡಿಯಲ್ಲಿ ನೋವೆಂದರೆ ಎಸೆತ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಹೀಗೆ ತಿದ್ದುವ ತಿಂಗಳುಗಳಲ್ಲಿ ತಂದೆ ತಾಯಿ ಮಗಳನ್ನು ಕೇಳಬೇಕಾದ್ದು ಎಷ್ಟು ಸ್ಟ್ರೈಕ್ ಹಾಕಿದೆ ಎಂದಲ್ಲ, ಎಷ್ಟು ಸಲ ಗಟ್ಟಿಯಾಗಿ ನಿಂತೆ ಎಂದು. ಎರಡನೆಯದು ಹೆಚ್ಚಿದರೆ ಮೊದಲನೆಯದಕ್ಕೂ ದಾರಿಯಾಗುತ್ತದೆ. ಆಟ ಎಷ್ಟು ವರ್ಷ ಮುಂದುವರಿದರೂ ಅವಳ ಭುಜ ಮತ್ತು ಮಂಡಿ ಕ್ಷೇಮವಾಗಿರುವ ಸಾಧ್ಯತೆ ಹೆಚ್ಚುತ್ತದೆ. ಮಗುವಿನ ಆಟದಲ್ಲಿ ದೊಡ್ಡವರು ಬಯಸಬೇಕಾದ ಮೊದಲ ಗೆಲುವು ಅದೇ.